ಯಂತ್ರಕ್ಕೆ ತೊಡಿಸಿದ ಅಂಗಿ

ಆ ಮನೆಯಲ್ಲಿ ಬರಿಮೈಯಲ್ಲಿ ನಿಂತ ಸಾಮಾನು ಒಂದೂ ಇರಲಿಲ್ಲ. ಟೀವಿಗೆ ಅಂಗಿ, ಮಿಕ್ಸಿಗೆ ಅಂಗಿ, ರಿಮೋಟಿಗೆ ಪ್ಲಾಸ್ಟಿಕ್ ಕೋಟು, ಫ್ರಿಜ್ಜಿನ ಹಿಡಿಗೂ ಒಂದು ಪುಟ್ಟ ಕುಲಾವಿ. ಎಲ್ಲ ಅತ್ತೆಯ ಕೈಕೆಲಸ. ಧೂಳು ಎಂದರೆ ಅವರಿಗೆ ಹಳೇ ದ್ವೇಷ.

ಸೊಸೆ ಓದಿದ್ದು ಗಾಳಿಯ ವಿಚಾರ, ಕೆಲಸ ಪ್ರಯೋಗಾಲಯದಲ್ಲಿ. ಗಾಳಿಯಲ್ಲಿರುವ ಸೂಕ್ಷ್ಮ ಕಣಗಳನ್ನು ಎಣಿಸುವ ಯಂತ್ರವನ್ನು ಮನೆಯ ತಾರಸಿಯ ಮೇಲೆ ಇಟ್ಟ ದಿನ ಅವಳು ಅತ್ತೆಗೆ ಹೇಳಿ ಹೋದಳು: "ಅತ್ತೆ, ಬಹಳ ನಾಜೂಕಿನ ಸಾಮಾನು ಇದು. ನಾನಿಲ್ಲದಾಗ ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ." ಇಂಥ ಮಾತನ್ನು ಇಂಥವರಿಗೆ ಹೇಳಬಾರದು ಅನ್ನುವ ಬುದ್ಧಿಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಮನೆಯ ಹಿಂದಿನ ಬೇಲಿ ದಾಟಿದರೆ ವಿಮಾನ ನಿಲ್ದಾಣ. ರಿಪೇರಿಯಾದ ಎಂಜಿನ್ನುಗಳನ್ನು ನಿಂತಲ್ಲೇ ಭೋರೆಂದು ಓಡಿಸಿ ಪರೀಕ್ಷಿಸುವ ಅಂಗಳ ಆ ಬೇಲಿಗೇ ಅಂಟಿಕೊಂಡಿತ್ತು. ಓಡಿಸಿದಾಗೆಲ್ಲ ಸೀಮೆಎಣ್ಣೆಯಂಥ ವಾಸನೆ ಬೀದಿಗೆ ನುಗ್ಗುತ್ತಿತ್ತು. ಆಗ ಸೊಸೆಯ ಪುಟ್ಟ ಮಗಳು ಆಟ ಬಿಟ್ಟು, ಗೋಡೆ ಹಿಡಿದು ನಿಂತು, ಉಸಿರಿಗಾಗಿ ಒದ್ದಾಡುತ್ತಿದ್ದಳು. ಅಂಗಳವನ್ನು ಜನವಸತಿ ಇಲ್ಲದ ಆಚೆ ತುದಿಗೆ ಸಾಗಿಸಿ ಎಂದು ಬೀದಿಯವರು ಕೇಳಿದರೆ, "ಪುರಾವೆ ಎಲ್ಲಿ?" ಎಂದರು ನಿಲ್ದಾಣದವರು. ಕೊನೆಗೆ ನಗರಸಭೆ ವಿಚಾರಣೆ ಇಟ್ಟಿತು. ಬೀದಿಯ ಆಸೆಯೆಲ್ಲ ಆ ಯಂತ್ರದ ಮೇಲೆ.

ಯಂತ್ರ ಕೈಕೊಟ್ಟಿತು. ಲೆಕ್ಕಾಚಾರ ಮುಗಿಸಿ ರೇಖೆ ಎಳೆದು ನೋಡಿದರೆ, ದಿನದಲ್ಲಿ ಹಲವು ಸಲ ಕಣಗಳ ಸಂಖ್ಯೆ ದಿಢೀರನೆ ಪಾತಾಳಕ್ಕೆ ಇಳಿದಿತ್ತು. ಪ್ರತಿ ಇಳಿತಕ್ಕೂ ಮುಂಚೆ ಸೂಜಿಯಂಥ ಒಂದು ಏರು. ಅದು ಯಂತ್ರದ ಬಿಕ್ಕಳಿಕೆ ಎಂದುಕೊಂಡು ಸೊಸೆ ಆ ಸೂಜಿಗಳನ್ನು ಅಳಿಸಿಬಿಟ್ಟಳು. ಯಂತ್ರವನ್ನು ಬಿಚ್ಚಿ ನೋಡಿದಳು, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಎಲ್ಲೂ ಕೆಟ್ಟಿರಲಿಲ್ಲ. ನಿಯಮದ ಪ್ರಕಾರ ಅಂಕಿ ಅಂಶಗಳನ್ನು ಎದುರು ಪಕ್ಷಕ್ಕೂ ಕೊಡಬೇಕಿತ್ತು. ಸೂಜಿಗಳನ್ನು ಅಳಿಸಿದ ಪ್ರತಿಯನ್ನೇ ಕೊಟ್ಟಳು.

ವಿಚಾರಣೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಬೀದಿಗೆ ಬೀದಿಯೇ ಬಂದು ಕೂತಿತ್ತು. ನಿಲ್ದಾಣದ ಎಂಜಿನಿಯರ್ ಮದುವೆ ಗಂಡಿನ ಹಾಗೆ ಎದ್ದು ಬಂದು ಗೋಡೆಯ ಮೇಲೆ ಚಿತ್ರ ಮೂಡಿಸಿದ.

"ಕೆಂಪು ಗುರುತು ನಾವು ಎಂಜಿನ್ ಓಡಿಸಿದ ಹೊತ್ತು. ನೀಲಿ ಗೆರೆ ಮೇಡಮ್ಮಿನ ಯಂತ್ರದ್ದೇ. ನೋಡಿ, ನಾವು ಓಡಿಸಿದಾಗೆಲ್ಲ ಗಾಳಿ ಶುದ್ಧವಾಗಿದೆ! ಒಂದು ಸಲವೂ ತಪ್ಪಿಲ್ಲ. ನಿಜ ಹೇಳಬೇಕಂದ್ರೆ ಬೀದಿಯವರು ನಮಗೆ ಥ್ಯಾಂಕ್ಸ್ ಹೇಳಬೇಕು."

ಅವನ ಕಡೆಯವರು ಗೊಳ್ಳೆಂದು ನಕ್ಕರು. ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಅತ್ತೆ ಎದ್ದು ನಿಂತು ವಿಚಾರಣೆಯ ಅಧ್ಯಕ್ಷೆಯ ಕಡೆ ತಿರುಗಿದ್ದರು.

"ಅಮ್ಮಾ, ಅದು ಗಾಳಿಯ ಗುಣ ಅಲ್ಲ. ಮುಚ್ಚಿದ್ದು ನಾನು."

"ಏನನ್ನ ಮುಚ್ಚಿದ್ರಿ?" ಎಂದರು ಅಧ್ಯಕ್ಷೆ.

"ಯಂತ್ರಾನ. ಜೋಪಾನ ಮಾಡಿ ಅಂದಿದ್ಲು ಸೊಸೆ. ಆ ಹಾಳು ವಾಸನೆ ಬಂದ ಕೂಡಲೇ ಮೇಲೆ ಹೋಗಿ ಪ್ಲಾಸ್ಟಿಕ್ ಕವರ್ ಹಾಕಿ ದಾರ ಕಟ್ತಿದ್ದೆ. ಒಳಗೆಲ್ಲ ಗಲೀಜಾಗಬಾರದು ನೋಡಿ. ವಾಸನೆ ಹೋದ್ಮೇಲೆ ತೆಗೀತಿದ್ದೆ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನದ ಶ್ರಮ ಒಂದು ಪ್ಲಾಸ್ಟಿಕ್ ಕವರಿನ ಪಾಲು! ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದಳೋ ಏನೋ, ಆದರೆ ಕಣ್ಣು ಗೋಡೆಯ ಮೇಲಿನ ಕೆಂಪು ಗುರುತುಗಳ ಮೇಲೆ ಬಿತ್ತು.

"ಅತ್ತೆ, ವಾಸನೆ ಬಂದಮೇಲೆ ತಾರಸಿ ಹತ್ತೋದಕ್ಕೆ ನಿಮಗೆ ಹೊತ್ತು ಹಿಡೀತಿತ್ತಾ?"

"ಹಿಡೀದೇ ಇರುತ್ತಾ? ಈ ಮಂಡಿ ಇಟ್ಕೊಂಡು ಹಾರಿ ಹೋಗ್ಲಾ?"

ಸೊಸೆ ಓಡಿಹೋಗಿ ತನ್ನ ಲ್ಯಾಪ್‌ಟಾಪಿನಿಂದ ಮೂಲ ಗೆರೆಯನ್ನು ಗೋಡೆಗೆ ಹಾಕಿದಳು. ತಾನು ಅಳಿಸಿದ್ದ ಸೂಜಿಗಳೆಲ್ಲ ಎದ್ದು ನಿಂತವು, ಒಂದೊಂದು ಕೆಂಪು ಗುರುತಿನ ಬೆನ್ನಿಗೂ ಒಂದೊಂದು.

"ಇದು ಯಂತ್ರದ ದೋಷ ಅಂದ್ಕೊಂಡಿದ್ದೆ. ತಪ್ಪು ನನ್ನದು," ಎಂದಳು. "ಹೊಗೆ ಬಂದಿದೆ, ಎಣಿಕೆ ಏರಿದೆ, ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಮುಚ್ಚಿದ್ದಾರೆ. ಅವರಿಗೆ ನಿಲ್ದಾಣದ ವೇಳಾಪಟ್ಟಿ ಗೊತ್ತಿಲ್ಲ, ಗೊತ್ತಿದ್ದದ್ದು ವಾಸನೆ ಮಾತ್ರ. ಎಂಜಿನ್ ಓಡಿದಾಗೆಲ್ಲ ಈ ಗೆರೆ ಬಿದ್ದಿದೆ, ಒಂದು ಸಲವೂ ತಪ್ಪಿಲ್ಲ ಅಂತ ತೋರಿಸಿಕೊಟ್ಟವರು ಸಾಹೇಬ್ರೇ."

ಎಂಜಿನಿಯರ್ ತನ್ನ ಕಾಗದಗಳನ್ನು ಒಟ್ಟುಮಾಡತೊಡಗಿದ. ಸಾಲದ್ದಕ್ಕೆ ಮುಂದಿನ ಸಾಲಿನಲ್ಲಿದ್ದ ಬೀದಿಯ ದರ್ಜಿ, "ಥ್ಯಾಂಕ್ಸ್ ಸಾರ್!" ಎಂದು ಕೂಗಿದ. ಸಭಾಂಗಣವೆಲ್ಲ ನಗೆಯಲ್ಲಿ ಸಿಡಿಯಿತು. ಅಧ್ಯಕ್ಷೆಯೇ ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿದರು.

ಆದರೂ ಅವರು ಹದ್ದಿನ ಕಣ್ಣಿನ ಹೆಂಗಸು. ಎರಡೂ ಕಡೆಯವರ ಎದುರಿನಲ್ಲೇ, ಕವರ್ ಇಲ್ಲದೆ, ಇನ್ನೊಮ್ಮೆ ಅಳೆಯಿರಿ ಎಂದರು. ಅಳೆದರು. ಎಂಜಿನ್ ಗುಡುಗಿತು, ಗಾಳಿ ಇತ್ತ ಬೀಸಿತು, ಪರದೆಯ ಮೇಲಿನ ಗೆರೆ ಗೋಡೆಯ ಹಾಗೆ ಎದ್ದಿತು, ಅದನ್ನು ಇಳಿಸಲು ಈ ಸಲ ಯಾರೂ ಮೆಟ್ಟಿಲು ಹತ್ತಲಿಲ್ಲ. ಎಂಜಿನಿಯರ್ ಅಳತೆಯ ವರದಿಗೆ ಸಹಿ ಹಾಕಿದ. ಅಂಗಳ ಆಚೆ ತುದಿಗೆ ಹೋಗಲೇಬೇಕು ಎಂದು ಆದೇಶವಾಯಿತು.

ಕೊನೆಯ ಲಾರಿ ಸಾಮಾನು ಹೊತ್ತು ಹೋದ ಸಂಜೆ ಬೀದಿಯ ತಾರಸಿಗಳೆಲ್ಲ ತುಂಬಿದ್ದವು. ಜನ ತಟ್ಟೆ ಬಡಿದರು, ಸಿಳ್ಳೆ ಹಾಕಿದರು. ಸೊಸೆ ಅತ್ತೆಯ ಹೆಗಲು ಬಳಸಿ ನಿಂತಿದ್ದಳು.

ಕೆಳಗೆ ಮಕ್ಕಳು ಓಡಾಡುತ್ತಿದ್ದರು. ಕತ್ತಲಾಗುತ್ತ ಬಂದಾಗ ಅತ್ತೆ ಬಗ್ಗಿ, "ಬಾರೇ ಒಳಗೆ, ಸಾಕು ಆಟ!" ಎಂದು ಕೂಗಿದರು.

"ಬರಲ್ಲ ಅಜ್ಜೀ, ನಾನು ಇನ್ನೂ ಔಟ್ ಆಗಿಲ್ಲ, ಇವರ್ಯಾರೂ ನನ್ನನ್ನ ಹಿಡಿಯೋಕಾಗಲ್ಲ!" ಎಂದು ಮಗಳು ಓಡುತ್ತಲೇ ಒಂದೇ ಉಸಿರಿಗೆ ಕಿರುಚಿದಳು. ಆ ದನಿ ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಅತ್ತೆ ಇನ್ನೊಮ್ಮೆ ಕರೆಯಲಿಲ್ಲ.