ಐದು ಸಲ ಸತ್ತ ಸೇನಾಪತಿ

ಸಂಗೀತ ನಾಟಕದ ಇತಿಹಾಸ ಎಂದರೆ ಮಕ್ಕಳಿಗೆ ನಿದ್ದೆ ಮಾತ್ರೆ. ಮೇಡಂ ಇಸವಿಗಳನ್ನು ಹೇಳಲು ಶುರು ಮಾಡಿದರೆ ಹಿಂದಿನ ಬೆಂಚು ಮಲಗುತ್ತಿತ್ತು, ಕಂಪನಿಗಳ ಹೆಸರಿಗೆ ಬಂದರೆ ಮುಂದಿನ ಬೆಂಚೂ ಆಕಳಿಸುತ್ತಿತ್ತು. ರೋಸಿಹೋದ ಮೇಡಂ ಈ ವರ್ಷ ಪುಸ್ತಕವನ್ನು ಮೂಲೆಗಿಟ್ಟು ಪ್ರಾಜೆಕ್ಟ್ ಕೊಟ್ಟರು. ಒಂದು ಗುಂಪು ರಟ್ಟಿನಲ್ಲಿ ಹಳೆಯ ರಂಗಮಂದಿರ ಕಟ್ಟಲಿ, ಇನ್ನೊಂದು ಆ ಕಾಲದ ನಾಟಕದ ಭಿತ್ತಿಪತ್ರ ಬರೆಯಲಿ, ಮೂರನೆಯದು ಹಾಡಿನ ದೃಶ್ಯವೊಂದನ್ನು ತಾನೇ ಹೆಣೆದು ಆಡಿ ತೋರಿಸಲಿ ಎಂದರು.

ಮೂರನೆಯ ಗುಂಪು ಏನೂ ಹೊಳೆಯದೆ ಕೈಕಟ್ಟಿ ಕೂತಿತ್ತು. ಅವರನ್ನು ಹುರಿದುಂಬಿಸಲು ಮೇಡಂ ತಮ್ಮ ಅಪ್ಪನ ಕಥೆ ತೆಗೆದರು. ಅಪ್ಪ ನಾಟಕ ಕಂಪನಿಯಲ್ಲಿ ಹಾಡುವ ನಟರಾಗಿದ್ದವರು. ಆಗೆಲ್ಲ ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುವರು. ಕೂಗಿದರೆ ಹಾಡಲೇಬೇಕು, ಪಾತ್ರ ಸತ್ತು ಬಿದ್ದಿದ್ದರೂ ಬಿಡುವಂತಿಲ್ಲ. ಒಂದು ರಾತ್ರಿ ಸೇನಾಪತಿಯ ವೇಷದಲ್ಲಿದ್ದ ಅಪ್ಪ ಎದೆಗೆ ಬಾಣ ತಗುಲಿ, ಹಾಡಿ, ಸತ್ತರು. ಜನ ಕೂಗಿದರು. ಬಾಣ ಕಿತ್ತುಕೊಂಡು ಎದ್ದು, ಹಾಡಿ, ಮತ್ತೆ ಸತ್ತರು. ಹೀಗೆ ಐದು ಸಲ.

ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ಉದ್ದಣ್ಣ ಎಂದು ಕರೆಯುವ ಹುಡುಗ ಎದ್ದು ನಿಂತ. “ಮೇಡಂ, ಇದನ್ನೇ ಮಾಡ್ತೀವಿ. ನಾನೇ ಸೇನಾಪತಿ!”

“ಮಾಡಿ. ಆದ್ರೆ ಸಪ್ಪೆ ಮಾಡ್ಬೇಡಿ. ಏಳೋವಾಗೆಲ್ಲ ಒಂದೊಂದು ತಮಾಷೆ ಇರ್ಲಿ.”

ಆ ಮಾತನ್ನು ಆಡಬಾರದಿತ್ತು. ಆದರೆ ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದು ಆಗ ಯಾರಿಗೆ ಗೊತ್ತಿತ್ತು?

ಪ್ರದರ್ಶನದ ದಿನ ಮೇಡಂ ಅಪ್ಪನನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಉದ್ದಣ್ಣ ಮೊದಲ ಸಲ ಏಳುವಾಗ ಮೀಸೆ ಸರಿಮಾಡಿಕೊಂಡ. ಎರಡನೇ ಸಲ ಕೊಂದವನ ಹತ್ತಿರವೇ ನೀರು ಕೇಳಿ ಕುಡಿದ. ಮೂರನೇ ಸಲ, “ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡ್ರಪ್ಪ, ಸತ್ತಿದೀನಿ!” ಎಂದ. ಸಭಾಂಗಣದ ಸೂರು ಹಾರಿಹೋಗುವಂಥ ನಗು. ಅಪ್ಪನೂ ನಕ್ಕರು. ಐದನೇ ಸಾವೂ ಮುಗಿದಾಗ ಪ್ರಿನ್ಸಿಪಾಲರೇ ಎದ್ದು “ಒನ್ಸ್ ಮೋರ್!” ಎಂದು ಅರಚಿದರು. ಉದ್ದಣ್ಣ ಆರನೇ ಸಲ ಸಾಯಲು ಎದ್ದ. ಅಪ್ಪ ಚಪ್ಪಾಳೆ ತಟ್ಟಿದರು. ಮೇಡಂಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪ ಉದ್ದಣ್ಣನ ಮಾತೆತ್ತಿದರು.

“ಹುಡುಗ ಚೆನ್ನಾಗಿ ಬೀಳ್ತಾನೆ. ಆದ್ರೆ ಬಿದ್ದಾಗ ಮುಖ ಪಕ್ಕಕ್ಕೆ ತಿರುಗಬೇಕು.”

“ಯಾಕಪ್ಪ?”

“ಆ ರಾತ್ರಿ ನಾನು ಬಿದ್ದಾಗೆಲ್ಲ ಪಕ್ಕಕ್ಕೇ ನೋಡ್ತಿದ್ದೆ. ಪರದೆ ಪಕ್ಕದಲ್ಲಿ ನಿನ್ನ ಚಿಕ್ಕಪ್ಪ ನಿಂತಿದ್ದ. ನಮ್ಮಮ್ಮನಿಗೆ ಉಸಿರು ಸಿಗ್ತಿಲ್ಲ ಅಂತ ನನ್ನ ಕರ್ಕೊಂಡು ಹೋಗೋಕೆ ಬಂದಿದ್ದ. ಒಂದೊಂದು ಸಲ ಬಿದ್ದಾಗ್ಲೂ, ಈಗ ಪರದೆ ಎಳೀತಾರೆ, ಓಡ್ಬಿಡ್ತೀನಿ ಅಂದ್ಕೋತಿದ್ದೆ. ಜನ ಬಿಡ್ಬೇಕಲ್ಲ.”

“ಅಜ್ಜಿ?”

“ನಾವು ಹೋಗೋಷ್ಟರಲ್ಲಿ ಎಲ್ಲಾ ಮುಗಿದಿತ್ತು.”

“ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲಪ್ಪ! ಯಾವಾಗ್ಲೂ ತಮಾಷೆಯಾಗೇ ಹೇಳ್ತಿದ್ದೆ.”

“ಹೇಳೋಣ ಅಂತಾನೇ ಶುರು ಮಾಡಿದ್ದು ಪುಟ್ಟಿ. ನೀನಾಗ ಚಿಕ್ಕೋಳು, ಅಜ್ಜಿ ಯಾಕಿಲ್ಲ ಅಂತ ಕೇಳಿದ್ದೆ. ನಾನು ಎರಡನೇ ಸಲ ಬಿದ್ದೆ ಅಂದಿದ್ದೇ ತಡ, ನೀನು ಹೊಟ್ಟೆ ಹಿಡ್ಕೊಂಡು ನಕ್ಬಿಟ್ಟೆ. ನಗೋ ಮಗು ಮುಂದೆ ಆಮೇಲಿಂದು ಹೇಗೆ ಹೇಳ್ಲಿ? ಮಾರನೇ ದಿನ ಮತ್ತೆ ಅದೇ ಕಥೆ ಬೇಕು ಅಂತ ಹಟ ಹಿಡಿದೆ.”

ಅಪ್ಪ ಇದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾಟಕದ ಚರಿತ್ರೆಯನ್ನು ಊರ ಮಕ್ಕಳಿಗೆಲ್ಲ ಕಲಿಸಿದ್ದಾಯಿತು, ಮಗ್ಗುಲಲ್ಲೇ ಕೂತವರನ್ನು ಒಂದು ದಿನವಾದರೂ ‘ಆಮೇಲೇನಾಯ್ತು’ ಎಂದು ಕೇಳಲಿಲ್ಲವಲ್ಲ ಎಂದು ಮೇಡಂಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

“ಈಗ ಹೇಳಪ್ಪ. ಪೂರ್ತಿ ಹೇಳು. ನಾನು ನಗಲ್ಲ.”

ಅಪ್ಪ ಗಂಟಲು ಸರಿಮಾಡಿಕೊಂಡರು. ಚಿಕ್ಕಪ್ಪ ಏದುಸಿರು ಬಿಡುತ್ತ ಬಂದು ನಿಂತದ್ದನ್ನು, ಅವನ ಮುಖ ನೋಡಿಯೇ ಅರ್ಥವಾದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. “ಹಾಡು ಮುಗಿಸಿ ಬಿದ್ದೆ. ಕೂಗಿದ್ರು. ಎದ್ದೆ, ಹಾಡ್ದೆ, ಎರಡನೇ ಸಲ ಬಿದ್ದೆ...” ಅನ್ನುವಾಗ ದನಿ ತಾನಾಗಿಯೇ ಮೇಲೇರಿತು, ಹುಬ್ಬು ಕುಣಿಯಿತು. ಮಗಳು ನಗಲೆಂದು ಅವರು ಮಾತು ನಿಲ್ಲಿಸಿದರು. ಇಷ್ಟು ವರ್ಷವೂ ಅಲ್ಲಿಗೆ ಬಂದಾಗ ಹಾಗೇ ನಿಲ್ಲಿಸುತ್ತಿದ್ದರು.

ಮೇಡಂ ನಗಲಿಲ್ಲ. ಮುಂದೇನು ಹೇಳಬೇಕೆಂದು ತೋಚದೆ ಅಪ್ಪ ಅವರ ಮುಖವನ್ನೇ ನೋಡುತ್ತ ಕೂತರು.