ಹಿತ್ತಲ ಬಾಗಿಲ ಬ್ರೋಮಿನ್

ಮೌಲ್ಯಮಾಪನ ಕೇಂದ್ರದ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಸೈಕ್ಲೋಹೆಕ್ಸೀನ್ ಉಂಗುರಕ್ಕೆ ಬ್ರೋಮಿನ್ ಸೇರಿದರೆ ಏನಾಗುತ್ತದೆ, ಚಿತ್ರ ಬರೆಯಿರಿ. ಬೆಳಗಿನಿಂದ ಈ ಒಂದೇ ಪ್ರಶ್ನೆ ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು. ಬ್ರೋಮಿನ್‌ಗಳೆರಡೂ ಉಂಗುರದ ಎದುರುಬದುರು ಮುಖಗಳಲ್ಲಿ ಕೂರಬೇಕು. ಮೇಲಿನದಕ್ಕೆ ದಪ್ಪ ಗೆರೆ, ಕೆಳಗಿನದಕ್ಕೆ ತುಂಡು ಗೆರೆ. ಇದಕ್ಕೂ ಮಾದರಿ ಉತ್ತರ ನೋಡಬೇಕೇ ಎಂದು ನಾನು ಆ ಹಾಳೆ ಬಿಡಿಸಿಯೇ ಇರಲಿಲ್ಲ.

ಪಕ್ಕದಲ್ಲಿದ್ದ ಗಡ್ಡದ ಉಪನ್ಯಾಸಕ ಸರಿಯಾದ ಚಿತ್ರಕ್ಕೇ ಸೊನ್ನೆ ಸುತ್ತುವುದನ್ನು ಕಂಡೆ.

"ಕೀ ಆನ್ಸರ್ ನೋಡಿ ಮೇಡಂ, ಎರಡೂ ದಪ್ಪ ಗೆರೆ."

ನೋಡಿದೆ. ಹೌದು, ಎರಡೂ ಒಂದೇ ಕಡೆ. "ತಪ್ಪು ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು. ದೊಡ್ಡೋರ ಜೊತೆ ಯಾರು ಜಗಳ ಆಡ್ತಾರೆ?"

ಮೈಯೆಲ್ಲ ಉರಿದುಹೋಯಿತು. ಸರಿಯಾಗಿ ಓದಿದ ಮಕ್ಕಳಿಗೇ ಸೊನ್ನೆ! ಆದರೆ ಆ ದೊಡ್ಡವರು, ಅಂದರೆ ಕೀ ಆನ್ಸರ್ ಬರೆದ ಮುಖ್ಯ ಮೌಲ್ಯಮಾಪಕರು, ನನ್ನ ಮೇಷ್ಟ್ರು. ಈ ತಿಂಗಳು ನಿವೃತ್ತಿ. "ಮೊದಲನೇ ಬ್ರೋಮಿನ್ ಬಾಗಿಲಿಗೆ ಅಡ್ಡ ಕೂತ್ರೆ, ಎರಡನೇದು ಹಿತ್ತಲಿಂದಲೇ ಬರಬೇಕು" ಎಂದು ನನಗೆ ಕಲಿಸಿದವರೇ ಅವರು. ಹೇಳದೆ ವಿಧಿಯಿರಲಿಲ್ಲ, ಮಾದರಿ ಉತ್ತರದ ಹಾಳೆ ಹಿಡಿದು ಹೋಗಿ ಹೇಳಿದೆ.

ಮೇಷ್ಟ್ರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು, ಆಮೇಲೆ ದೂರ ಹಿಡಿದರು. ಕಿಟಕಿಗೆ ಹೋಗಿ ಬೆಳಕಿಗೊಡ್ಡಿದರು.

"ನಾನು ತುಂಡು ಗೆರೆನೇ ಹಾಕಿದ್ದೆ ಕಣಮ್ಮಾ. ಅಚ್ಚಾಗಿ ಬಂದಾಗ ನೋಡಿದೆ, ಸಹಿನೂ ಹಾಕಿದೆ." ಹಾಳೆಯನ್ನು ಮತ್ತೆ ಮುಖದ ಹತ್ತಿರ ತಂದರು. "ದಪ್ಪವೋ ತುಂಡೋ, ಈಗಲೂ ಕಾಣ್ತಿಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಬಿಡಿ ಸಾರ್. ಅಚ್ಚಿನೋರ ತಪ್ಪು ಅಂತ ನಾನೇ ಎಲ್ಲರಿಗೂ ಹೇಳ್ತೀನಿ."

"ಹಿತ್ತಲ ಬಾಗಿಲು ಬ್ರೋಮಿನ್‌ಗೆ ಇರ್ಲಿ, ನನಗೆ ಬೇಡ."

ಹಾಲ್‌ನ ನಡುವೆ ನಿಂತು ಗಟ್ಟಿಯಾಗಿಯೇ ಹೇಳಿದರು: ಉತ್ತರ ತಪ್ಪು, ತಪ್ಪು ನನ್ನದು, ನನಗೆ ಕಣ್ಣು ಕಾಣುತ್ತಿಲ್ಲ, ತಿದ್ದಿದ ಉತ್ತರಪತ್ರಿಕೆಯ ಕಟ್ಟುಗಳನ್ನೆಲ್ಲ ಮತ್ತೆ ಬಿಚ್ಚಿ. ಕುರ್ಚಿಗಳು ಕಿರುಗುಟ್ಟಿದವು. "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ" ಎಂದು ಗಡ್ಡದವನು ಗೊಣಗಿದ. ಗೊಣಗುತ್ತಲೇ ದಾರ ಬಿಚ್ಚಿದ.

ಮೇಷ್ಟ್ರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕುಳಿತರು. ಒಂದು ಕಟ್ಟು ಮುಂದಿಟ್ಟುಕೊಂಡು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಗೆರೆ ಯಾವುದು ಅಂತ ನೀನು ಹೇಳ್ತಾ ಹೋಗು. ಮಾರ್ಕ್ಸ್ ನಾನು ಹಾಕ್ತೀನಿ."

"ಒಂದು ದಪ್ಪ, ಒಂದು ತುಂಡು, ಸಾರ್" ಎಂದೆ. ಅವರ ಪೆನ್ನು ಹಾಳೆಯ ಮೇಲೆ ಜಾಗ ಹುಡುಕುತ್ತಿತ್ತು. ಕೈ ಹಿಡಿದು ತೋರಿಸಿದೆ.