ತುಂಬಕ್ಕೆ ನಾಲ್ಕು ಸಲ

ಮಗಳಿಗೆ ಗಂಡು ಗೊತ್ತುಮಾಡುವ ಮೊದಲು, ಗಂಡಿರುವ ಊರಿನಲ್ಲಿ ನಂಬಿಕಸ್ಥರೊಬ್ಬರಿಂದ ವಿಚಾರಿಸುವುದು ಶಂಕರಿಯಕ್ಕನ ಕಾಸರಗೋಡಿನ ಮನೆಯ ವಾಡಿಕೆ. ಮಗಳು ತುಂಗಾಳಿಗೆ ಬಂದ ಸಂಬಂಧದ ಹುಡುಗ ಸುದರ್ಶನ, ತಿರುವನಂತಪುರದ ತುಂಬ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ. ಆ ಊರಿನಲ್ಲಿ ಶಂಕರಿಯಕ್ಕನಿಗೆ ಗುರುತಿದ್ದವನು ಒಬ್ಬನೇ: ಸೆಕ್ರೆಟೇರಿಯಟ್‌ನಲ್ಲಿ ಕೆಲಸಕ್ಕಿರುವ ಗಣೇಶಪ್ರಸಾದ, ತುಂಗಾಳ ಕಾಲೇಜು ಗೆಳೆಯ. ಕೆಲಸ ಅವನ ತಲೆಗೇ ಬಂತು.

ಇದು ತಿಳಿದಾಗ ತುಂಗಾಳಿಗೆ ನಗು ಬಂತು. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಆಫೀಸು ತೆರೆದು ಅವಳು ವಕೀಲಿ ಶುರುಮಾಡಿ ಆರು ವರ್ಷ. ಅಷ್ಟೂ ವರ್ಷ ತಿಂಗಳಿಗೊಮ್ಮೆ ಪ್ರಸಾದ ರೈಲು ಹತ್ತಿ ಕೊಚ್ಚಿಗೆ ಬರುತ್ತಿದ್ದ. ಒಂದು ಸಿನಿಮಾ, ಒಂದು ಜಗಳ, ಒಂದು ಊಟ. ಅದಕ್ಕೊಂದು ಹೆಸರಿಡುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಹುಡುಗನಲ್ಲಿ ಅವನು ಕೊಂಕು ತೆಗೆದೇ ತೆಗೆಯುತ್ತಾನೆಂದು ಅವಳು ಕಾದಳು.

ಆದರೆ ಅಮ್ಮ ಫೋನಿನಲ್ಲಿ, "ಹುಡುಗ ಅಪ್ಪಟ ಬಂಗಾರ ಅಂತೆ, ಪ್ರಸಾದನೇ ಹೇಳಿದ. ಸೋಮವಾರ ಅವ್ರಿಗೆ ಒಪ್ಪಿಗೆ ಹೇಳ್ಲಾ?" ಎಂದಾಗ ನಗು ಹಾರಿಹೋಯಿತು.

"ಭಾನುವಾರ ಸಂಜೆವರೆಗೆ ತಡಿ ಅಮ್ಮ."

ಆ ಭಾನುವಾರ ಪ್ರಸಾದ ಬಂದಾಗ ಎಡಪ್ಪಳ್ಳಿಯ ಮಾಲಿನಲ್ಲಿ ಸಿಕ್ಕಿದ ಸಿನಿಮಾವೂ ಅಂಥದ್ದೇ. ಒಬ್ಬ ಗೆಳೆಯ, ಒಬ್ಬಳು ಗೆಳತಿ; ಊರಿಗೆಲ್ಲ ಗೊತ್ತಿದ್ದ ಸಂಗತಿ ಅವರಿಬ್ಬರಿಗೆ ಗೊತ್ತಾಗಲು ಎರಡೂಕಾಲು ಗಂಟೆ. ಪ್ರಸಾದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತುಂಗಾ ಪರದೆಗಿಂತ ಹೆಚ್ಚು ಅವನನ್ನೇ ನೋಡಿದಳು.

ಹೊರಗೆ ಬಂದು, ಚಹಾ, ಬಾಳೆಹಣ್ಣಿನ ಪಳಂಪೊರಿ ತೆಗೆದುಕೊಂಡು ಕುಳಿತಾಗ ಅವನೆಂದ: "ಎಂತ ಪೆದ್ದ ಮಾರಾಯ್ತಿ ಅವ! ಇಂಟರ್ವಲ್‌ಗೆ ಮೊದಲೇ ಹೇಳಿದ್ರೆ ನಾವೆಲ್ಲ ಬೇಗ ಹೊರಡ್ಬಹುದಿತ್ತು."

"ಹೌದಾ? ನೀನು ತುಂಬಕ್ಕೆ ಎಷ್ಟು ಸಲ ಹೋದೆ?"

"ಅದೆಂತಕ್ಕೆ ಈಗ?"

"ಕೇಳಿದ್ದಕ್ಕೆ ಮಾತ್ರ ಉತ್ತರ."

"ನಾಲ್ಕು."

"ಮೊದಲ ಸಲವೇ ಹುಡುಗ ಒಳ್ಳೆಯವ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ ಮೂರು ಸಲ ಎಂತಕ್ಕೆ?"

ಅವನು ಲೋಟ ಕೆಳಗಿಟ್ಟ. "ಎಂತಾದ್ರೂ ಒಂದು ಕುಂದು ಸಿಗ್ತದಾ ಅಂತ. ಕುಡಿಯುದಿಲ್ಲ, ಸೇದುದಿಲ್ಲ, ಪಕ್ಕದ ಮನೆ ಮೀನುಗಾರರ ಮಕ್ಕಳಿಗೆ ಪುಕ್ಕಟೆ ಪಾಠ ಹೇಳ್ತಾನೆ. ಹೋದಾಗೆಲ್ಲ ನನಗೆ ದೋಸೆ ಬೇರೆ! ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ಸುಳ್ಳು ಯಾರು ಕೇಳಿದ್ರು? ಕುಂದು ಯಾಕೆ ಬೇಕಿತ್ತು, ಅದನ್ನು ಹೇಳು."

ಪ್ರಸಾದ ಮೇಜಿನ ಮೇಲಿನ ಎಣ್ಣೆಯ ಕಲೆಯನ್ನು ಬೆರಳಿನಿಂದ ಒರೆಸಿದ. ಕಲೆ ಇನ್ನಷ್ಟು ಅಗಲವಾಯಿತು.

"ನೀನು ನಾನಿರುವ ಊರಿಗೇ ಬಂದು ಬೇರೆಯವ್ರ ಮನೆಯಲ್ಲಿರುದು ನನ್ನಿಂದ ನೋಡ್ಲಿಕ್ಕಾಗ್ಲಿಕ್ಕಿಲ್ಲ" ಎಂದ. ಅಷ್ಟು ಸಾಲದೆಂದು ತನಗೇ ಅನಿಸಿ, "ನನ್ನನ್ನು ಮದುವೆ ಆಗ್ತಿಯಾ?" ಎಂದು ಕೇಳಿದ.

ತುಂಗಾ ಅಮ್ಮನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಅವನ ಮುಂದಿಟ್ಟಳು. ಅವನು ತಡವರಿಸುತ್ತ ಎಲ್ಲ ಒಪ್ಪಿಸಿದ. ಆ ಕಡೆಯಿಂದ ಶಂಕರಿಯಕ್ಕ ಕೇಳಿದ್ದು ಒಂದೇ ಮಾತು.

"ತುಂಗಾ ಎಂತ ಹೇಳ್ತಾಳೆ?"

"ಹೂಂ ಅಮ್ಮ" ಎಂದಳು ತುಂಗಾ.

"ಸರಿ. ಪ್ರಸಾದ, ನಿನ್ನ ಅಮ್ಮನ ಹತ್ರ ನಾನು ಮಾತಾಡ್ತೇನೆ. ಆದ್ರೆ ಆ ಹುಡುಗನಿಗೆ ನೀನೇ ಹೇಳ್ಬೇಕು. ಫೋನಿನಲ್ಲಿ ಬೇಡ, ಎದುರು ಕೂತು ಹೇಳು."

ಫೋನಿಟ್ಟ ಮೇಲೆ ಪ್ರಸಾದನ ಮುಖ ಸಪ್ಪಗಾಯಿತು. "ಐದನೇ ಸಲ ಯಾವ ಮುಖ ಹೊತ್ತು ಹೋಗ್ಲಿ ಮಾರಾಯ್ತಿ?"

"ನಾಳೆ ನನ್ನದು ಒಂದೂ ಕೇಸಿಲ್ಲ. ಬೆಳಗ್ಗಿನ ರೈಲಿಗೆ ನಾನೂ ಬರ್ತೇನೆ" ಎಂದಳು ತುಂಗಾ. "ಒಬ್ಬನೇ ಹೋದ್ರೆ ನೀನು ಅವನಿಗೆ ಬೇರೆ ಹುಡುಗಿ ಹುಡುಕಿ ಕೊಡ್ತೇನೆ ಅಂತ ಮಾತು ಕೊಟ್ಟು ಬರುವವನೇ."